ಕಿವಿ ಮೇಸ್ತ್ರಿಗೆ ಕೇಳದ ಸದ್ದು

ನಮ್ಮ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವನು ಕಿವಿ ಮೇಸ್ತ್ರಿ. ಬೇರೆ ಮೆಕ್ಯಾನಿಕ್‌ಗಳು ಗಾಡಿ ಬಂದ ಕೂಡಲೇ ಬಾನೆಟ್ ಎತ್ತಿದರೆ ಇವನು ತಲೆ ಓರೆ ಮಾಡುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆ ಅರ್ಧ ನಿಮಿಷ ಅಲ್ಲಿ ಯಾರೂ ಕೆಮ್ಮುವ ಹಾಗಿಲ್ಲ.

ಅವನ ಗ್ಯಾರೇಜಿನ ತಗಡಿನ ಗೋಡೆಯ ಈಚೆ ನನ್ನ ಪಂಕ್ಚರ್ ಅಂಗಡಿ. ಒಂದು ಕಂಪ್ರೆಸರ್, ಒಂದು ನೀರಿನ ತೊಟ್ಟಿ, ಕೂರಲು ಒಂದು ಬೆಂಚು, ಇಷ್ಟೇ ನನ್ನ ಆಸ್ತಿ. ಅವನು ನನಗಿಂತ ಆರು ವರ್ಷ ದೊಡ್ಡವನು. ಬಾಯಲ್ಲಿ ಅಣ್ಣ ಎನ್ನುತ್ತೇನೆ, ಆದರೆ ಇಪ್ಪತ್ತೆರಡು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಬಹುವಚನ ಎಂದೋ ಸವೆದುಹೋಯಿತು. ಅವನೂ ನನ್ನನ್ನು ಮರ್ಯಾದೆಯಿಂದ ಕರೆದದ್ದು ನೆನಪಿಲ್ಲ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುವವನು ಎಂದು ನನಗೆ ತೊಟ್ಟಿ ಡಾಕ್ಟ್ರು ಎಂದು ಹೆಸರಿಟ್ಟಿದ್ದ.

ಅವನ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗಿರಾಕಿ ಸದ್ದಿನ ಬಗ್ಗೆ ತುಟಿ ಪಿಟಕ್ ಎನ್ನಬಾರದು. "ಮೇಸ್ತ್ರಿ, ಟಕಟಕ ಅನ್ನುತ್ತೆ" ಎಂದು ಯಾರಾದರೂ ಶುರು ಮಾಡಿದರೆ ಇವನ ಮುಖ ಗಂಟಾಗುತ್ತಿತ್ತು. "ಸದ್ದು ಕೇಳೋದು ನನ್ನ ಕೆಲಸ. ನೀನು ಗಾಡಿ ಎಲ್ಲಿ ಹೇಗೆ ತೊಂದರೆ ಕೊಡ್ತು ಅಷ್ಟು ಹೇಳು ಸಾಕು." ಇದು ಬರೀ ಜಂಬವಲ್ಲ. ಒಂದು ಸಲ ಬೀದಿಯಲ್ಲಿ ಹಾದುಹೋದ ಜೀಪಿಗೆ ಬೆನ್ನು ಮಾಡಿ ಕೂತಿದ್ದವನು, ತಿರುಗಿಯೂ ನೋಡದೆ, "ಅದರ ಹಿಂದಿನ ಬೇರಿಂಗ್ ಹದಿನೈದು ದಿನ ಬಾಳಿದ್ರೆ ಹೆಚ್ಚು" ಎಂದಿದ್ದ. ಹನ್ನೆರಡನೆಯ ದಿನ ಆ ಜೀಪು ಹಗ್ಗ ಕಟ್ಟಿಸಿಕೊಂಡು ಬಂತು. ಅಂಥವನ ಮುಂದೆ ಸದ್ದಿನ ವರ್ಣನೆ ಮಾಡಲು ಯಾರಿಗೆ ಬಾಯಿ ಬರುತ್ತದೆ? ಕ್ರಮೇಣ ಬೀದಿಗೆ ಬೀದಿಯೇ ಸುಮ್ಮನಾಯಿತು. ಗಾಡಿಯಲ್ಲಿ ಏನೇ ಸದ್ದಿರಲಿ, ಮೇಸ್ತ್ರಿ ಏನೂ ಅನ್ನಲಿಲ್ಲ ಅಂದರೆ ಏನೂ ಇಲ್ಲ ಎಂದೇ ಲೆಕ್ಕ.

ನನ್ನ ಕಂಪ್ರೆಸರಿನ ಪೈಪು ಸ್ವಲ್ಪ ಗಾಳಿ ಬಿಟ್ಟರೂ ಅವನು ಆಚೆಯಿಂದ ಕೂಗುತ್ತಿದ್ದ, "ಏ ತೊಟ್ಟಿ ಡಾಕ್ಟ್ರೇ, ನಿನ್ನ ಕಂಪ್ರೆಸರ್‌ಗೆ ದಮ್ಮು ಬಂದಿದೆ, ನೋಡೋ!" ಆ ಬೈಗುಳ ನಿಂತು ಒಂದು ವರ್ಷದ ಮೇಲಾಗಿತ್ತು. ಮೊದಮೊದಲು ನನಗೆ ನೆಮ್ಮದಿಯೇ ಆಯಿತು, ವಯಸ್ಸಾದ ಮೇಲೆ ನಾಲಿಗೆ ಸ್ವಲ್ಪ ಮೆತ್ತಗಾಗಿದೆ ಅಂದುಕೊಂಡೆ. ಆಮೇಲೆ ಯಾಕೋ ಅನುಮಾನ ಹೊಕ್ಕಿತು. ಒಂದು ದಿನ ಅವನ ಬೆನ್ನ ಹಿಂದೆಯೇ ನಿಂತು ಪೈಪಿನ ಕ್ಲಿಪ್ಪು ಬೇಕೆಂದೇ ಸಡಿಲಿಸಿದೆ. ಗಾಳಿ ಸುಯ್ ಎಂದು ಹೋಯಿತು. ಅವನು ನಟ್ಟು ತಿರುಗಿಸುತ್ತಲೇ ಇದ್ದ. "ಅಣ್ಣಾ" ಎಂದೆ. ತಟ್ಟನೆ ತಿರುಗಿ "ಏನೋ?" ಎಂದ.

ಮಾತು ಕೇಳುತ್ತದೆ, ಹಾರ್ನ್ ಕೇಳುತ್ತದೆ, ಎಂಜಿನ್ನಿನ ಗುಡುಗುಡು ಕೇಳುತ್ತದೆ. ಸೂಜಿಯಂಥ ಸಣ್ಣ ಸದ್ದುಗಳು ಮಾತ್ರ ಅವನ ಪಾಲಿಗೆ ಇಲ್ಲವಾಗಿದ್ದವು. ಮೂವತ್ತು ವರ್ಷ ಸುತ್ತಿಗೆ, ಗ್ರೈಂಡರುಗಳ ನಡುವೆ ಬದುಕಿದವನ ಕಿವಿ ಇನ್ನೇನಾಗಬೇಕು? ನಾನು ಯಾರಿಗೂ ಹೇಳಲಿಲ್ಲ. ಕಿವಿ ಮೇಸ್ತ್ರಿಗೆ ಕಿವಿ ಹೋಗಿದೆ ಎಂದು ಸಾರುವ ಬಾಯಿ ನನ್ನದಾಗುವುದು ಬೇಡ ಅನ್ನಿಸಿತು. ಅವನ ಮೇಲಿನ ಪ್ರೀತಿ ಎಂದು ಹೇಳಿಕೊಂಡು ಓಡಾಡಬಹುದಿತ್ತು, ಆದರೆ ನಿಜ ಏನೆಂದರೆ ನನಗೆ ಅವನ ಕೋಪದ ಹೆದರಿಕೆ.

ಅವನಿಗೆ ಒಬ್ಬಳೇ ಮಗಳು. ಕುಡಿಯುವ ನೀರಿನ ಕ್ಯಾನುಗಳನ್ನು ಪಿಕಪ್ ಗಾಡಿಯಲ್ಲಿ ತುಂಬಿ ಮೇಲಿನ ಬಡಾವಣೆಗೆ ತಲುಪಿಸುತ್ತಾಳೆ. ಗಾಡಿಯನ್ನು ಸ್ವತಃ ಅವಳೇ ಓಡಿಸುತ್ತಾಳೆ, ಕ್ಯಾನನ್ನೂ ಹೆಗಲ ಮೇಲೆ ಅವಳೇ ಹೊರುತ್ತಾಳೆ. ನೀರಿನ ಘಟಕದಿಂದ ಹೊರಟ ರಸ್ತೆ ಕಡಿದಾದ ಏರು ಹತ್ತಿ ಹೆದ್ದಾರಿಗೆ ಸೇರುತ್ತದೆ. ಆ ಕೂಡುವ ಜಾಗವೇ ಕೆಟ್ಟದ್ದು. ಬಲಕ್ಕೆ ತಿರುವು, ಆ ತಿರುವಿನಿಂದ ಕಲ್ಲುಕ್ವಾರಿಯ ಟಿಪ್ಪರ್ ಲಾರಿಗಳು ಇಳಿಜಾರಿನಲ್ಲಿ ಬೀಸಿಕೊಂಡು ಬರುತ್ತವೆ. ಅವು ಬರುವ ಅರ್ಧ ರಸ್ತೆ ದಾಟಿ ಆಚೆಯ ಅರ್ಧಕ್ಕೆ ಸೇರಿಕೊಳ್ಳಬೇಕು. ಅಲ್ಲಿ ಮೀನಮೇಷ ಎಣಿಸುವ ಹಾಗಿಲ್ಲ. ಕಾಲು ಒತ್ತಿದ ಕೂಡಲೇ ಗಾಡಿ ಚಂಗನೆ ನೆಗೆಯಬೇಕು.

ಒಂದು ಬೆಳಗ್ಗೆ ಅವಳು ಗಾಡಿ ತಂದು ನಿಲ್ಲಿಸಿದಳು. "ಅಪ್ಪಾ, ಪಿಕಪ್ ಗಾಡಿಗೇ ಪಿಕಪ್ ಇಲ್ಲ ನೋಡು. ಪೂರ್ತಿ ಒತ್ತಿದ್ರೂ ಎಮ್ಮೆ ಥರ ನಿಂತು ಯೋಚನೆ ಮಾಡುತ್ತೆ."

"ಯಾವಾಗ? ಖಾಲಿ ಇದ್ದಾಗ್ಲೂನಾ?"

"ಇಲ್ಲ, ಲೋಡ್ ಇದ್ರೆ ಮಾತ್ರ. ಏರಲ್ಲಂತೂ ಜೀವ ಬಾಯಿಗೆ ಬರುತ್ತೆ. ಹಿಂದೆ ಕಪ್ಪು ಹೊಗೆ ಬೇರೆ."

"ಕಪ್ಪು ಹೊಗೆ ಅಂದ್ರೆ ಡೀಸೆಲ್ ಬರ್ತಿದೆ, ಅದನ್ನ ಸುಡೋಷ್ಟು ಗಾಳಿ ಸಾಲ್ತಿಲ್ಲ" ಎಂದ ಮೇಸ್ತ್ರಿ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು, ಅವನ ತಲೆಗೇನೂ ಮಂಕು ಕವಿದಿರಲಿಲ್ಲ. ಏರ್ ಫಿಲ್ಟರ್ ಬಿಚ್ಚಿದ. ಒಳಗೆ ಒಂದು ಹಿಡಿ ಧೂಳು. ಹೊಸದು ಹಾಕಿದ. ಆಮೇಲೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಅಲ್ಲಿಂದ ಗಾಳಿ ಸಾಗಿಸುವ ದಪ್ಪ ರಬ್ಬರ್ ಪೈಪುಗಳು, ಇವುಗಳ ಸರದಿ. ಮೇಲಿನಿಂದ ಕಣ್ಣಾಡಿಸಿದ. ಸ್ಕ್ರೂಡ್ರೈವರ್ ಕಿವಿಗೆ ಹೋಯಿತು. "ಒತ್ತು" ಎಂದ. ಮಗಳು ಸೀಟಿಗೆ ಹತ್ತಿ, ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಳು.

ಹನ್ನೆರಡು ಅಡಿ ದೂರದಲ್ಲಿ ಟೈರು ಹಿಡಿದು ಕೂತಿದ್ದ ನನಗೆ ಕೇಳಿಸಿತು. ಎಂಜಿನ್ನಿನ ಆರ್ಭಟದ ಒಳಗಿನಿಂದ ಒಂದು ಎಳೆ, ಹಲ್ಲುಸಂದಿಯಿಂದ ಊದಿದ ಸೀಟಿಯ ಹಾಗೆ. ಗಾಳಿ ಸೋರುವ ಸದ್ದನ್ನು ಗುರುತಿಸಲು ನನಗೆ ಯಾವ ಸ್ಕ್ರೂಡ್ರೈವರೂ ಬೇಕಿಲ್ಲ, ನನ್ನ ಹೊಟ್ಟೆಪಾಡೇ ಅದು. ಮೇಸ್ತ್ರಿ ಕಣ್ಣು ಮುಚ್ಚಿ ನಿಂತಿದ್ದ. ಕಣ್ಣು ತೆರೆದವನೇ "ಪೈಪಲ್ಲಿ ಲೀಕ್ ಇಲ್ಲ. ಟರ್ಬೊ ಚೆನ್ನಾಗಿದೆ. ಫಿಲ್ಟರ್ ಕಟ್ಟಿದ್ದೇ ಕಾರಣ" ಎಂದ.

ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಉಗುಳಿನ ಜೊತೆ ನುಂಗಿದೆ. ಮಗಳ ಎದುರು ಅಪ್ಪನ ಮಾನ ಹರಾಜು ಹಾಕುವುದೇ? ಸಂಜೆ ಅವನೊಬ್ಬನೇ ಇದ್ದಾಗ ಹೇಳೋಣ ಅಂದುಕೊಂಡೆ. ಸಂಜೆ ಅವನು ಖುಷಿಯಲ್ಲಿದ್ದ. ನಾಳೆ ಅಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಪಿಕಪ್ ತೆವಳಿಕೊಂಡು ಬಂದು ನಿಂತಿತು. ಬಲಗಡೆಯ ಕನ್ನಡಿ ಇರಲಿಲ್ಲ. ಕನ್ನಡಿಯ ಕೈ ಮಾತ್ರ ಡೊಂಕಾಗಿ ನೇತಾಡುತ್ತಿತ್ತು, ಬಾಗಿಲಿನ ಮೇಲೆ ಉದ್ದಕ್ಕೆ ಗೀರು. ಮಗಳು ಇಳಿದು ನೇರ ನನ್ನ ಬೆಂಚಿಗೆ ಬಂದು ಕೂತಳು. ನೀರು ಕೊಟ್ಟೆ. ಅರ್ಧ ನೀರು ಅವಳ ಮಡಿಲಿಗೆ ಚೆಲ್ಲಿತು.

"ಅರ್ಧ ರಸ್ತೆಗೆ ಹೋಗಿದ್ದೆ ಚಿಕ್ಕಪ್ಪ" ಎಂದಳು. "ಒತ್ತಿದೆ, ಎಳೀಲಿಲ್ಲ. ಟಿಪ್ಪರ್ ಬಂದೇಬಿಡ್ತು. ನಾನು ಕಣ್ಣು ಮುಚ್ಕೊಂಡೆ. ಒರೆಸ್ಕೊಂಡು ಹೋಯ್ತು."

ಮೇಸ್ತ್ರಿ ಅಲ್ಲೇ ನಿಂತಿದ್ದ. ಹೋಗಿ ಆ ಗೀರಿನ ಮೇಲೆ ಬೆರಳಾಡಿಸಿದ, ಈ ತುದಿಯಿಂದ ಆ ತುದಿಯವರೆಗೆ. ಆಮೇಲೆ ಬಾನೆಟ್ ಎತ್ತಿದ. ಅಂದಿನಿಂದ ಎರಡು ದಿನ ಅವನು ಆ ಗಾಡಿಯನ್ನು ಬಿಚ್ಚಿದ್ದು ರಿಪೇರಿಯ ಹಾಗೆ ಕಾಣಲಿಲ್ಲ, ಮನೆಯಲ್ಲಿ ಹಾವು ಹೊಕ್ಕಿದೆ ಎಂದು ಸಾಮಾನೆಲ್ಲ ಹೊರಗೆ ಎಸೆದ ಹಾಗಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದ. ಟ್ಯಾಂಕು ತೊಳೆದ. ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಕಳಚಿ ಪರೀಕ್ಷೆಗೆ ಕೊಟ್ಟುಬಂದ, ನಾಲ್ಕೂ ಸರಿಯಾಗಿವೆ ಎಂದು ವಾಪಸು ಬಂದವು. ಹೊಗೆ ಕೊಳವೆ ಕಟ್ಟಿದೆಯೋ ಎಂದು ಅದನ್ನೂ ಇಳಿಸಿದ. ಗಾಳಿಯ ಪೈಪಿನ ಹತ್ತಿರ ಮಾತ್ರ ಮತ್ತೆ ಹೋಗಲಿಲ್ಲ. ಅದು ಸರಿಯಿದೆ ಎಂದು ಅವನ ಕಿವಿ ಹೇಳಿಯಾಗಿತ್ತಲ್ಲ.

ಅತ್ತಿಗೆ, ಅಂದರೆ ಅವನ ಹೆಂಡತಿ, ಊಟದ ಡಬ್ಬಿ ತಂದಿಟ್ಟು ಹೋಗುವಳು. ಅದು ಮುಚ್ಚಿದ ಹಾಗೇ ಇರುತ್ತಿತ್ತು. ಎರಡನೆಯ ದಿನ ಅವಳು ನನ್ನ ಅಂಗಡಿಗೆ ಬಂದು ಮೆಲ್ಲಗೆ ಕೇಳಿದಳು, "ಇವರಿಗೆ ಏನಾಗಿದೆ? ನಿನ್ನೆ ಕೂತಲ್ಲೇ ಕೂತು 'ನನ್ನ ಕೈಯಿಂದಲೇ ಆಗಿಬಿಡ್ತಿತ್ತು' ಅಂತ ಹೇಳ್ಕೊಳ್ತಾ ಇದ್ರು."

"ಏನಿಲ್ಲ ಅತ್ತಿಗೆ, ಸುಸ್ತು" ಎಂದೆ. ಸುಳ್ಳು ಹೇಳಿ ಟೈರಿನ ಕಡೆ ತಿರುಗಿಕೊಂಡೆ.

ಮೂರನೆಯ ಬೆಳಗ್ಗೆ ಗಾಡಿ ಜೋಡಿಸಿ, ಖಾಲಿ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ ಬಂದು "ಆಯ್ತು" ಎಂದ. ಆ ಆಯ್ತು ಎಂಬ ಮಾತಿನಲ್ಲಿ ಜೀವ ಇರಲಿಲ್ಲ. ಮಗಳು ಕೀ ತೆಗೆದುಕೊಳ್ಳಲು ಕೈ ಚಾಚಿದಳು. ಕೈ ಅರ್ಧಕ್ಕೆ ನಿಂತಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಲೋಡ್ ಹಾಕಿ ಆ ಏರಿಗೇ ಹೋಗಿ ನೋಡೋಣ. ನಾನೂ ಬರ್ತೀನಿ."

"ನಿನಗೇನೋ ಅಲ್ಲಿ ಕೆಲಸ?" ಎಂದು ದುರುಗುಟ್ಟಿ ನೋಡಿದ. ಆಮೇಲೆ ಸುಮ್ಮನೆ ಹೋಗಿ ಗಾಡಿಯ ನಡುವಿನ ಸೀಟಿನಲ್ಲಿ ಕೂತ. ಮಗಳು ಸ್ಟೇರಿಂಗ್ ಹಿಡಿದಳು, ನಾನು ಬಾಗಿಲ ಪಕ್ಕ ಮುದುಡಿಕೊಂಡೆ. ನೀರಿನ ಘಟಕದಲ್ಲಿ ನಲವತ್ತು ಕ್ಯಾನು ಹತ್ತಿದವು. ಗಾಡಿಯ ಹಿಂಭಾಗ ಕುಗ್ಗಿತು.

ಏರು ಶುರುವಾದ ಕೂಡಲೇ ಗಾಡಿಯ ಉಸಿರು ಕಟ್ಟಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ನನ್ನ ಪಕ್ಕದ ಕಿಟಕಿಯಿಂದ ಆ ಸೀಟಿ ಸದ್ದು ಒಳಗೆ ಬರುತ್ತಿತ್ತು, ಭಾರ ಹೆಚ್ಚಿದಷ್ಟೂ ಹರಿತವಾಗಿ. ಇನ್ನೂ ನಾನು ಹೇಳಲಿಲ್ಲ, ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೇಳಲಿಲ್ಲ. ಮಗಳು ಕೂಡುರಸ್ತೆಯಲ್ಲಿ ನಿಲ್ಲಿಸಿದಳು. ಬಲಕ್ಕೆ ನೋಡಿದಳು, ಖಾಲಿ. "ಹೋಗ್ಲಾ ಅಪ್ಪಾ?" ಎಂದಳು.

"ಹೋಗು."

ಹೆದ್ದಾರಿಯ ನಡುವಿಗೆ ಬಂದಾಗ ತಿರುವಿನಲ್ಲಿ ಟಿಪ್ಪರಿನ ಮೂತಿ ಕಂಡಿತು. ಮಗಳು ಕಾಲನ್ನು ತಳಕ್ಕೆ ಒತ್ತಿದಳು. ಎಂಜಿನ್ ಕೂಗಿತು, ಹಿಂದೆ ಕಪ್ಪು ಹೊಗೆ ಎದ್ದಿತು, ಗಾಡಿ ಮಾತ್ರ ಇಂಚಿಂಚು. ಸೀಟಿ ಕಿವಿ ಸೀಳುವಷ್ಟಾಯಿತು.

"ಅಪ್ಪಾ, ಆ ಸೀಟಿ ಸದ್ದು ಜಾಸ್ತಿ ಆಗ್ತಿದೆ!" ಎಂದು ಕಿರುಚಿದಳು.

"ಯಾವ ಸೀಟಿ?" ಎಂದ ಮೇಸ್ತ್ರಿ.

ಟಿಪ್ಪರಿನ ಹಾರ್ನ್ ಮೈಮೇಲೆ ಬಿದ್ದ ಹಾಗೆ ಬಂತು. ಅದರ ಚಕ್ರಗಳು ಹೊಗೆಯಾಡುತ್ತಾ ಉಜ್ಜಿದವು, ಜಲ್ಲಿಕಲ್ಲು ನಮ್ಮ ಗಾಜಿಗೆ ಪಟಪಟ ಹೊಡೆಯಿತು. ನಾನು ಮೇಸ್ತ್ರಿಯ ತೋಳು ಹಿಡಿದುಕೊಂಡಿದ್ದೆ, ಅವನು ಮಗಳ ತಲೆಯನ್ನು ತನ್ನ ಎದೆಗೆ ಎಳೆದುಕೊಂಡಿದ್ದ. ಟಿಪ್ಪರ್ ನಮ್ಮ ಹಿಂದೆ ಒಂದು ಗೇಣು ಬಿಟ್ಟು ಹಾದುಹೋಯಿತು. ಡ್ರೈವರ್ ನಮ್ಮ ವಂಶಕ್ಕೆಲ್ಲ ಬೈದದ್ದು ದೂರದವರೆಗೂ ಕೇಳಿಸಿತು. ಗಾಡಿ ಹೇಗೋ ತೆವಳಿ ರಸ್ತೆಯಂಚಿಗೆ ಬಂದು ನಿಂತಿತು.

ಮಗಳು ಎಂಜಿನ್ ಆರಿಸಿ ಅಪ್ಪನ ಕಡೆ ತಿರುಗಿದಳು. "ಯಾವ ಸೀಟಿ ಅಂದ್ಯಲ್ಲ ಅಪ್ಪಾ. ಆವತ್ತು ಗ್ಯಾರೇಜಲ್ಲೂ ಇತ್ತು. ನೀನು ಕೇಳ್ಕೊಂಡೇ ಏನೂ ಇಲ್ಲ ಅಂದೆ ಅಂದ್ಕೊಂಡೆ. ಅದಕ್ಕೇ ನಾನು ಹೇಳ್ಲಿಲ್ಲ."

ಅವನು ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲೇ ಅವನಿಗೆ ಎಲ್ಲ ಗೊತ್ತಾಯಿತು.

"ಕೇಳಲ್ಲ" ಎಂದ. "ಒಂದೂವರೆ ವರ್ಷ ಆಯ್ತು. ಮೊದಲು ಸಣ್ಣ ಸದ್ದು ಹೋದ್ವು. ಧೂಳು ಇರಬೇಕು, ಶೀತ ಇರಬೇಕು ಅಂದ್ಕೊಂಡೆ. ಆಮೇಲೆ ಅಂದಾಜಲ್ಲೇ ಕೆಲಸ ಮಾಡ್ತಾ ಬಂದೆ. ಅನುಭವ ಇದೆಯಲ್ಲ, ನಡೆಯುತ್ತೆ ಅಂದ್ಕೊಂಡೆ." ದೊಡ್ಡ ಗಂಟಲಿನ ಮನುಷ್ಯ, ಈ ಮಾತುಗಳನ್ನು ಪಿಸುಗುಟ್ಟಿದ. "ಕಿವಿ ಇಲ್ಲದ ಮೇಲೆ ನಾನು ಯಾರು ಹೇಳು?"

ಮಗಳು ಅತ್ತಳು, ಆಮೇಲೆ ಸಿಟ್ಟಾದಳು, ಮತ್ತೆ ಅತ್ತಳು.

ಕ್ಯಾನುಗಳನ್ನು ಅಲ್ಲೇ ರಸ್ತೆಯಂಚಿನಲ್ಲಿ ಇಳಿಸಿ, ಖಾಲಿ ಗಾಡಿ ಹಿಂದಕ್ಕೆ ತಂದೆವು. ಆ ದಪ್ಪ ಪೈಪನ್ನು ಅವನೇ ಕಳಚಿ, ನಾನು ಕೇಳುವ ಮೊದಲೇ ನನ್ನ ತೊಟ್ಟಿಯ ಹತ್ತಿರ ತಂದು ಹಿಡಿದ. ಒಂದು ಬಾಯಿಗೆ ಮರದ ಬಿರಡೆ ಬಡಿದು ಕ್ಲಿಪ್ಪು ಬಿಗಿದೆವು, ಇನ್ನೊಂದರಿಂದ ನನ್ನ ಕಂಪ್ರೆಸರಿನ ಗಾಳಿ ಕೊಟ್ಟು ನೀರಲ್ಲಿ ಮುಳುಗಿಸಿದೆವು. ಪೈಪು ಉಬ್ಬಿತು. ಅಡಿಭಾಗದಲ್ಲಿ, ಮೇಲಿನಿಂದ ನೋಡಿದರೆ ಎಂದೂ ಕಾಣದ ಜಾಗದಲ್ಲಿ, ಬೆರಳುದ್ದದ ಸೀಳು ಬಾಯಿ ತೆರೆಯಿತು. ಗುಳ್ಳೆಗಳು ಬುಳುಬುಳು ಎದ್ದವು. ಗಾಳಿ ನಿಲ್ಲಿಸಿದರೆ ಸೀಳು ಮುಚ್ಚಿಕೊಳ್ಳುತ್ತಿತ್ತು, ಏನೂ ಆಗಿಲ್ಲವೇನೋ ಎಂಬಂತೆ.

"ಭಾರ ಬಿದ್ದಾಗ ಟರ್ಬೊ ಜೋರಾಗಿ ಒತ್ತುತ್ತೆ, ಆಗ ಇದು ಬಿರಿಯುತ್ತೆ" ಎಂದ ಮೇಸ್ತ್ರಿ. "ಖಾಲಿ ಗಾಡೀಲಿ ಎಳೆತ ಕಡಿಮೆ ಆಗಿದ್ದು ಗೊತ್ತಾಗೋದೇ ಇಲ್ಲ. ಕೈ ಹಾಕಿ ತಡವಿದ್ರೂ ಎಣ್ಣೆ ಜಿಡ್ಡು ಸಿಗ್ತಿತ್ತು. ಕೈ ಕೂಡ ಹಾಕಲಿಲ್ಲವಲ್ಲೋ ನಾನು."

ಹೊಸ ಪೈಪು ತಂದು ಹಾಕಿದ. ಎರಡೂ ತುದಿಯ ಕ್ಲಿಪ್ಪನ್ನು ಮೂರು ಮೂರು ಸಲ ಬಿಗಿದ. ಮಧ್ಯಾಹ್ನ ಮತ್ತೆ ಮೂವರೂ ಹೋಗಿ, ಬಿಟ್ಟುಬಂದಿದ್ದ ಕ್ಯಾನುಗಳನ್ನು ಹೇರಿಕೊಂಡು, ಕೆಳಗಿಳಿದು ಅದೇ ಏರನ್ನು ಮತ್ತೆ ಹತ್ತಿದೆವು. ಈ ಸಲ ಗಾಡಿ ಮೂರನೇ ಗೇರಿನಲ್ಲೇ ಸಲೀಸಾಗಿ ಬಂತು, ಕೂಡುರಸ್ತೆಯಲ್ಲಿ ಒತ್ತಿದ ಕೂಡಲೇ ಬೆನ್ನು ಸೀಟಿಗೆ ಅಂಟುವ ಹಾಗೆ ನೆಗೆಯಿತು. ಮಗಳು ನಕ್ಕಳು, ನಾನೂ ಹುಚ್ಚನ ಹಾಗೆ ನಕ್ಕೆ. ಮೇಸ್ತ್ರಿ ನಗಲಿಲ್ಲ. ಅವನ ಮುಖದಲ್ಲಿ ಬೆಳಗಿಗಿಂತ ದೊಡ್ಡ ಹೆದರಿಕೆ ಇತ್ತು.

"ಬ್ರೇಕ್ ಪ್ಯಾಡ್ ಸವೆದ್ರೆ ಏನನ್ನುತ್ತೆ?" ಎಂದು ನನ್ನನ್ನು ಕೇಳಿದ.

"ಕೀಚ್ ಅನ್ನುತ್ತೆ."

"ಸಣ್ಣ ಸದ್ದಾ, ದಪ್ಪ ಸದ್ದಾ?"

"ಸಣ್ಣದು" ಎಂದೆ.

"ಒಂದೂವರೆ ವರ್ಷದಲ್ಲಿ ಎಷ್ಟು ಗಾಡಿ ಓಡಿಸಿ ನೋಡಿ ಸರಿಯಿದೆ ಅಂತ ಕಳಿಸಿದೀನೋ" ಎಂದ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಅವನು ಗ್ಯಾರೇಜಿನ ಮುಂದೆ ರಸ್ತೆಯಲ್ಲೇ ನಿಂತಿದ್ದ, ತಾನು ನೋಡಿದ ಗಾಡಿ ಯಾವುದು ಬಂದರೂ ಕೈ ಅಡ್ಡ ಹಿಡಿಯುತ್ತಾ. ಮೊದಲು ಸಿಕ್ಕಿದ್ದು ಶಾಲೆಯ ವ್ಯಾನು, ಮಕ್ಕಳನ್ನು ಕರೆದುಕೊಂಡು ಬರಲು ಖಾಲಿ ಹೊರಟಿತ್ತು. ಡ್ರೈವರ್ ಹೊತ್ತಾಗುತ್ತದೆ ಎಂದು ಗೊಣಗಿದ. ಮೇಸ್ತ್ರಿ ಮಾತಿಗೆ ನಿಲ್ಲದೆ ಜಾಕ್ ಕೊಟ್ಟು ಮುಂದಿನ ಚಕ್ರ ಕಳಚಿದ. ಸದ್ದು ಕೇಳಲು ಬಗ್ಗಲಿಲ್ಲ, ಕೈ ಹಾಕಿ ತಡವಿದ. ಪ್ಯಾಡು ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಬ್ರೇಕಿನ ತಟ್ಟೆಯ ಮೇಲೆ ಉಳುಮೆ ಮಾಡಿದ ಹಾಗೆ ಗೆರೆಗಳು.

ಡ್ರೈವರ್ ಇಣುಕಿ ನೋಡಿದ. "ಒಂದು ತಿಂಗಳಿಂದ ಕೀಚ್ ಕೀಚ್ ಅಂತಾನೇ ಇತ್ತು ಮೇಸ್ತ್ರಿ. ಹೋದ ವಾರ ನೀವೇ ಓಡಿಸಿ ನೋಡಿದ್ರಲ್ಲ, ಏನೂ ಅನ್ನಲಿಲ್ಲ. ಅದಕ್ಕೇ ಹದಿನೆಂಟು ಮಕ್ಕಳನ್ನ ಕೂರಿಸ್ಕೊಂಡು ಧೈರ್ಯವಾಗಿ ಓಡಾಡ್ತಿದ್ದೆ."

ಮೇಸ್ತ್ರಿ ಚಕ್ರದ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತ. ಕೈಯಲ್ಲಿ ಸವೆದ ಪ್ಯಾಡಿನ ತೆಳ್ಳಗಿನ ಕಬ್ಬಿಣದ ತುಂಡು. ಆ ವ್ಯಾನು ದಿನಾ ಬೆಳಗ್ಗೆ ನನ್ನ ಅಂಗಡಿಯ ಎದುರಿನ ತಿರುವಿನಲ್ಲೇ ಬ್ರೇಕ್ ಹಾಕುತ್ತದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ.

"ನಿನಗೆ ಕೇಳಿಸ್ತಿತ್ತೇನೋ?"

"ದಿನಾ ಕೇಳಿಸ್ತಿತ್ತು ಅಣ್ಣಾ" ಎಂದೆ.